ಪಡಲಿಗೆಗೆ ಅಕ್ಕಿ, ಬಾಡಿಗೆಗೆ ಮನೆ ಇಲ್ಲ

ನವೆಂಬರ್ 9, 2021. ಮಂಗಳವಾರ. ಬ್ರೂಸ್‌ಪೇಟೆಯ ನಮ್ಮ ಮನೆಯಲ್ಲಿ ನಾನು, ನಮ್ಮಮ್ಮ ಇಬ್ಬರೂ ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂತಿದ್ವಿ. ರಾಷ್ಟ್ರಪತಿ ಭವನದಲ್ಲಿ ಪದ್ಮ ಪ್ರಶಸ್ತಿ ಕೊಟ್ಟ ಸುದ್ದಿ. ಮಂಜಮ್ಮ ಜೋಗತಿ ನಡೆದು ಬಂದರು. ಪ್ರಶಸ್ತಿ ತಗೊಳ್ಳೋದಕ್ಕೆ ಮೊದಲು ಸೆರಗು ಹಿಡಿದು ರಾಷ್ಟ್ರಪತಿ ಕೋವಿಂದ್ ಅವರಿಗೇ ದೃಷ್ಟಿ ತೆಗೆದರು. ನಮ್ಮ ಕಡೆ ಮಕ್ಕಳಿಗೆ, ಮದುಮಕ್ಕಳಿಗೆ ತೆಗೀತಾರಲ್ಲ, ಹಾಗೇ. ಇಡೀ ಸಭೆ ಚಪ್ಪಾಳೆ ಹೊಡೆಯಿತು.

ಅಮ್ಮನ ಕಣ್ಣಲ್ಲಿ ನೀರು. "ನಮ್ ಕಲ್ಲುಕಂಬದಾಕಿ ನೋಡವಾ" ಅಂದಳು. ಕಲ್ಲುಕಂಬ ಅಂದರೆ ಇಲ್ಲೇ, ಕುರುಗೋಡಿನ ಕಡೆ. "ಅಮ್ಮ ಕೈ ಬಿಡಲಿಲ್ಲ ನೋಡು" ಅಂತಲೂ ಸೇರಿಸಿದಳು. ಈ ಅಮ್ಮ ಅಂದರೆ ಹುಲಿಗೆಮ್ಮ, ಎಲ್ಲಮ್ಮ, ಯಾರಾದರೂ ಆಗಬಹುದು. ನಾನು ಹ್ಞೂಂ ಅಂದೆ. ಚಪ್ಪಾಳೆ ತಟ್ಟೋಕೆ ನನ್ನ ಕೈಗೆ ಆಗಲಿಲ್ಲ. ಕೈಯಲ್ಲಿ ತಟ್ಟೆ ಇತ್ತು ಅಂತ ನೆಪ ಹೇಳಬಹುದು. ನಿಜ ಬೇರೆ ಇದೆ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಮನೆಯ ಮೇಲೆ ಒಂದು ರೂಮಿದೆ. ಒಂದೇ ಕೋಣೆ, ಮೂಲೆಯಲ್ಲಿ ಅಡಿಗೆ ಕಟ್ಟೆ, ಹೊರಗೆ ಬಚ್ಚಲು. ಅಪ್ಪ ಹೋದ ಮೇಲೆ ಅದರ ಬಾಡಿಗೆ ಅಮ್ಮನ ಔಷಧಿ ಖರ್ಚಿಗೆ. ಆಗ ಖಾಲಿಯಾಗಿತ್ತು, ಗೇಟಿಗೆ ಬೋರ್ಡು ಹಾಕಿದ್ವಿ. ಒಂದು ಭಾನುವಾರ ಒಬ್ಬಾಕೆ ಬಂದಳು. ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸ, ವಾರಕ್ಕೆ ಪಗಾರ. ರೂಮು ನೋಡಿದಳು, ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರ್ತದೆ ಅಂತ ಕೇಳಿದಳು. ಬಳ್ಳಾರಿಯಲ್ಲಿ ಮನೆ ಹುಡುಕೋರು ಕೇಳುವ ಮೊದಲ ಪ್ರಶ್ನೆಯೇ ಅದು. ಬಾಡಿಗೆ ಒಪ್ಪಿದಳು. ಆಮೇಲೆ ಮೆಟ್ಟಿಲ ಮೇಲೆ ನಿಂತು ಅಂದಳು: "ಅಕ್ಕಾ, ಮೊದ್ಲೇ ಹೇಳಿಬಿಡ್ತೀನಿ. ಆಧಾರ್‌ನಾಗ ಹುಡುಗನ ಹೆಸರೈತಿ. ಆಮ್ಯಾಲ ನೋಡಿ ಬ್ಯಾಡ ಅನ್ನೋದಕ್ಕಿಂತ ಈಗ್ಲೇ ಅಂದುಬಿಡ್ರಿ."

ನಾನು ಒಳಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ದನಿ ಇಳಿಸಿ, "ಪಾಪ, ಒಳ್ಳೇಕಿ ಇರಬೋದು. ಆದ್ರ ಮನ್ಯಾಗ ಇಟ್ಕೊಳ್ಳಾಕ ಆಗಂಗಿಲ್ಲ. ಓಣ್ಯಾಗ ಮಂದಿ ಏನಂತಾರ?" ಅಂದಳು. ಎರಡು ದಿನ ಹಿಂದೆ, ಶುಕ್ರವಾರ, ಇದೇ ಅಮ್ಮ ಬಾಗಿಲಿಗೆ ಬಂದ ಜೋಗಪ್ಪನ ಪಡಲಿಗೆಗೆ ಅಕ್ಕಿ ಹಾಕಿ, ಭಂಡಾರ ಹಚ್ಚಿಸಿಕೊಂಡು, ಕಾಲಿಗೆ ಬಿದ್ದಿದ್ದಳು. ಅಮ್ಮನನ್ನು ಬೈಯಲು ಇದನ್ನು ಬರೀತಾ ಇಲ್ಲ. ಅಮ್ಮ ಕೊನೆಪಕ್ಷ ಅಂದುಕೊಂಡಿದ್ದನ್ನೇ ಅಂದಳು. ನಾನು ಏನು ಮಾಡಿದೆ ಅನ್ನೋದು ಕೇಳಿ. ಹೊರಗೆ ಬಂದು, ನಗುಮುಖ ಮಾಡಿಕೊಂಡು, "ಅಯ್ಯೋ, ನಮಗೇ ಗೊತ್ತಿರಲಿಲ್ಲ, ನಮ್ಮಮ್ಮ ಆಗಲೇ ಬೇರೆಯವರ ಹತ್ರ ಅಡ್ವಾನ್ಸ್ ಇಸ್ಕೊಂಡಾರಂತೆ" ಅಂದೆ.

ಆಕೆ "ಇರ್ಲಿ ಬಿಡಕ್ಕ" ಅಂತ ಚಪ್ಪಲಿ ಮೆಟ್ಟಿ ಹೋದಳು. ಗೇಟಿನ ಬೋರ್ಡು ಇನ್ನೂ ಎರಡು ತಿಂಗಳು ಅಲ್ಲೇ ತೂಗಾಡುತ್ತಿತ್ತು. ಆಕೆ ಆ ದಾರಿಯಲ್ಲೇ ಯೂನಿಟ್ಟಿಗೆ ಹೋಗುತ್ತಿದ್ದಿರಬೇಕು.

ಈಗ ಹೇಳಿ, ಆ ಮೆಟ್ಟಿಲ ಮೇಲೆ ಇದ್ದ ಇಬ್ಬರಲ್ಲಿ ಯಾರಿಗೆ ತಾನು ಯಾರು ಅನ್ನೋದು ಗೊತ್ತಿತ್ತು? ಒಳಗಿನ ತೊಳಲಾಟ ಯಾರದು? ಈ ವಿಷಯ ಬಂದಾಗಲೆಲ್ಲ ನಾವು ತುಂಬ ಮರುಕದಿಂದ ಮಾತಾಡ್ತೀವಿ: "ಪಾಪ, ಗಂಡಿನ ದೇಹ, ಹೆಣ್ಣಿನ ಮನಸ್ಸು, ಎಂಥಾ ಒಳಗುದಿ ಇರಬೇಕು ಅವರಿಗೆ!" ಆಕೆಗೆ ಅಂಥದೇನೂ ನನ್ನೆದುರು ಕಾಣಲಿಲ್ಲ. ಆಧಾರ್ ಕಾರ್ಡಿನ ತಪ್ಪು ಗೊತ್ತಿತ್ತು, ಹೇಳಿದಳು. ಒಳಗೊಂದು ಹೊರಗೊಂದು ಇದ್ದದ್ದು ನನಗೆ. ಎಂ.ಎ. ಓದಿದವಳು, ಕಾಲೇಜಿನಲ್ಲಿ ಪಾಠ ಮಾಡುವವಳು, ಸಮಾನತೆ ಬಗ್ಗೆ ಪ್ರಬಂಧ ಬರೆಸುವವಳು, ಒಂದು ಕೋಣೆಯ ಬೀಗದ ಕೈ ಕೊಡಲಾರದೆ ಸುಳ್ಳು ಹೇಳಿದವಳು. ಆ ತೊಳಲಾಟಕ್ಕೆ ಯಾವ ಡಾಕ್ಟರ ಸರ್ಟಿಫಿಕೇಟೂ ಬೇಕಾಗಿಲ್ಲ, ಯಾರೂ ಕೇಳೋದೂ ಇಲ್ಲ.

ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ವ್ಯಕ್ತಿತ್ವ ವಿಕಸನದ ಉಪನ್ಯಾಸ ಇರ್ತದೆ. ಬರುವವರೆಲ್ಲ ಸೂಟು ಹಾಕಿದ ಉತ್ಸಾಹಿಗಳು. "ನೀನು ನೀನಾಗಿರು, ನಿನ್ನ ಒಳದನಿ ಕೇಳು, ಲೋಕದ ಮಾತಿಗೆ ಕಿವಿ ಕೊಡಬೇಡ" ಅಂತ ಮೈಕು ಒಡೆಯುವ ಹಾಗೆ ಕೂಗ್ತಾರೆ. ಹುಡುಗರು ಶಿಳ್ಳೆ ಹೊಡೀತಾರೆ. ನನಗೆ ಈ ಮಾತಿನ ಮೇಲೆ ಸಿಟ್ಟಿದೆ. ಮಾತು ಸುಳ್ಳು ಅಂತಲ್ಲ. ಇಂಥ ಮಾತನ್ನು ಕೇಳೋದಕ್ಕೆ ಏನೂ ಖರ್ಚಿಲ್ಲದವರ ಮುಂದೆಯೇ ಇದನ್ನು ಹೇಳ್ತಾರೆ ಅಂತ. ಒಳದನಿ ಕೇಳಿಸಿಕೊಂಡು ಸಿ.ಎ. ಬಿಟ್ಟು ಕೆಫೆ ಇಟ್ಟವನ ಕಥೆ ಹೇಳ್ತಾರೆ. ಒಳದನಿ ಕೇಳಿಸಿಕೊಂಡು ಮನೆಯಿಂದ ಹೊರಬಿದ್ದವಳ ಕಥೆ ಆ ಸೂಟಿನ ಜೇಬಿನಲ್ಲಿ ಇರೋದಿಲ್ಲ. ನೀನಾಗಿರು ಅಂತ ಒಬ್ಬರಿಗೆ ಹೇಳುವಾಗ ಅದರ ಬೆಲೆ ಎಷ್ಟು, ಆ ಬೆಲೆ ಕಟ್ಟಿದವರು ಯಾರು ಅಂತ ಹೇಳಬೇಡವೇ? ಕಟ್ಟಿದವರು ನಾವೇ. ಓಣಿಯ ಮಂದಿ, ಗೇಟಿಗೆ ಬೋರ್ಡು ಹಾಕುವವರು.

ಮಂಜಮ್ಮ ಕಟ್ಟಿದ ಬೆಲೆ ಈಗ ಎಲ್ಲರಿಗೂ ಗೊತ್ತು, ಅವರೇ ಹೇಳಿಕೊಂಡಿದ್ದಾರೆ. ಅರುಣ್ ಜೋಳದಕೂಡ್ಲಿಗಿ ಅವರು ಬರೆದುಕೊಂಡ 'ನಡುವೆ ಸುಳಿವ ಹೆಣ್ಣು' ಓದಿದವರಿಗೆ ಇನ್ನೂ ಹೆಚ್ಚು ಗೊತ್ತಿರ್ತದೆ. ಹುಟ್ಟಿದಾಗಿನ ಹೆಸರು ಮಂಜುನಾಥ ಶೆಟ್ಟಿ. ಹೈಸ್ಕೂಲಿನ ವಯಸ್ಸಿಗೆ ತಾನು ಹೆಣ್ಣು ಅನ್ನೋದು ಖಾತ್ರಿ. ಮನೆಯವರು ಹೊಸಪೇಟೆ ಹತ್ತಿರದ ಹುಲಿಗಿಗೆ ಕರೆದುಕೊಂಡು ಹೋಗಿ ಜೋಗಪ್ಪನ ದೀಕ್ಷೆ ಕೊಡಿಸಿದರು. ಸೊಂಟದ ಉಡದಾರ ಕಿತ್ತರು, ಲಂಗ ರವಿಕೆ ಬಳೆ ಕೊಟ್ಟರು. ಅಲ್ಲಿ ತಾಯಿ ಮಗ ಸತ್ತ ಹಾಗೆ ಅತ್ತಿದ್ದನ್ನು ಮಂಜಮ್ಮ ಹೇಳ್ತಾರೆ. ಆಮೇಲೆ ವಿಷ ಕುಡಿದದ್ದು, ಬದುಕಿ ಉಳಿದದ್ದು, ಮನೆ ಬಿಟ್ಟದ್ದು, ಭಿಕ್ಷೆ, ದಾರಿಯಲ್ಲಿ ಗಂಡಸರ ಹಲ್ಲೆ, ಇದ್ದ ದುಡ್ಡೂ ಹೋದದ್ದು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಅಪ್ಪ ಹಾಡ್ತಾ, ಮಗ ತಲೆ ಮೇಲೆ ಕೊಡ ಹೊತ್ತು ಕುಣಿಯೋದನ್ನು ಕಂಡದ್ದು. ಆ ಅಪ್ಪ ಮಟ್ಟಿಕಲ್ಲು ಬಸಪ್ಪ. ಅವರ ಹತ್ತಿರ ಜೋಗತಿ ಕುಣಿತ ಕಲಿತು, ಮುಂದೆ ಕಾಳವ್ವ ಜೋಗತಿಯ ಮೇಳ ಸೇರಿ, ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತರು.

ಇಲ್ಲಿ ನಮ್ಮ ಬುದ್ಧಿವಂತರು ಎರಡು ಕಡೆಯಿಂದ ಬರ್ತಾರೆ.

ಮೊದಲನೆಯವರು ವಿಚಾರವಾದಿಗಳು. "ಇದೆಲ್ಲ ದೇವಿ ಬಂದದ್ದು ಅನ್ನೋದು ಮೌಢ್ಯ. ತನ್ನ ನಿರ್ಧಾರವನ್ನು ತನ್ನ ಹೆಸರಿನಲ್ಲಿ ಹೇಳುವ ಧೈರ್ಯ ಇರಬೇಕು. ಎಲ್ಲಮ್ಮನ ಸೆರಗಿನ ಹಿಂದೆ ನಿಂತರೆ ಅದು ಎಂಥ ಸ್ವಾತಂತ್ರ್ಯ?" ಅಂತ ಕೇಳ್ತಾರೆ. ಕೇಳೋಕೆ ಸರಿಯಾಗೇ ಇದೆ. ಆದರೆ ಸ್ವಾಮೀ, ನೀವು ಇಂಜಿನಿಯರ್ ಆದದ್ದು ಯಾರ ಹೆಸರಿನಲ್ಲಿ? "ಅಪ್ಪಾಜಿ ಆಸೆ" ಅಂದಿರಿ. ಮದುವೆ? "ಮನೆಯವರು ನೋಡಿದ್ರು." ನಿಮ್ಮ ಮಗಳ ಮದುವೆ ಬೇರೆ ಜಾತಿಗೆ ಬೇಡ ಅಂದದ್ದು? "ನಂದೇನಿಲ್ಲ, ಬೀಗರು ಬಿಜ್ಜರು ಒಪ್ಪಲ್ಲ." ಇಡೀ ಊರು ತನ್ನ ಒಂದೊಂದು ನಿರ್ಧಾರಕ್ಕೂ ಇನ್ನೊಬ್ಬರ ಸಹಿ ಹಾಕಿಸಿಕೊಂಡು ಬದುಕ್ತಾ ಇದೆ. ನಾನೂ ಆವತ್ತು ಮೆಟ್ಟಿಲ ಮೇಲೆ "ನಮ್ಮಮ್ಮ ಅಡ್ವಾನ್ಸ್ ಇಸ್ಕೊಂಡಾರೆ" ಅಂತಲೇ ಅಂದದ್ದು, ಅಮ್ಮನ ಸಹಿ ಹಾಕಿದ್ದು. ಹಾಗಿರುವಾಗ ಸ್ವಂತ ನಿರ್ಧಾರ ಎಲ್ಲಿದೆ ತೋರಿಸು ಅಂತ ಜೋಗತಿಯನ್ನು ಮಾತ್ರ ಯಾಕೆ ಹಿಡಿದು ನಿಲ್ಲಿಸ್ತೀರಿ? ಆ ಹುಡುಗಿಯ ಮಾತಿಗೆ ಕಿವಿ ಕೊಡದ ಊರು ದೇವಿಯ ಮಾತಿಗೆ ಹೆದರ್ತಿತ್ತು. ಅಂಥ ಊರಿನಲ್ಲಿ ಬದುಕಬೇಕಾದವರು ಬೇರೆ ಯಾವ ದನಿಯಲ್ಲಿ ಮಾತಾಡಬೇಕಿತ್ತು?

ಎರಡನೆಯವರು ಭಕ್ತರು. ನಮ್ಮಮ್ಮನ ಪಾರ್ಟಿ. "ನಮ್ಮ ಸಂಸ್ಕೃತಿಯಲ್ಲಿ ಅವರಿಗೆ ಎಂಥಾ ಸ್ಥಾನ ಇತ್ತು ನೋಡ್ರಿ, ದೇವರ ಸಮ ಕಂಡಿದ್ವಿ. ಈಗಿನ ಕೋರ್ಟು ಹಕ್ಕು ಎಲ್ಲ ಬಂದು ಕೆಡಿಸಿಬಿಟ್ವು" ಅನ್ನೋದು ಇವರ ಮಾತು. ಇವರ ಮೇಲೆ ನನಗೆ ಇನ್ನೂ ಸಿಟ್ಟು, ಯಾಕಂದ್ರೆ ನಾನು ಈ ಮಾತಿನ ಮಡಿಲಲ್ಲೇ ಬೆಳೆದವಳು. ಸ್ಥಾನ ಕೊಟ್ಟಿದ್ವಿ, ಹೌದು. ಎಲ್ಲಿ? ಹೊಸ್ತಿಲ ಆಚೆ. ಮಂಗಳವಾರ ಶುಕ್ರವಾರ ಅಕ್ಕಿ ಹಾಕಿ, ಬುಧವಾರ ಎದುರಿಗೆ ಬಂದರೆ ಮುಖ ತಿರುಗಿಸುವ ಸ್ಥಾನ. ಒಂದು ಮಾತು ಗಮನಿಸಿ: ಕಲ್ಲುಕಂಬದ ಆ ಮಗು ತಾನು ಹೆಣ್ಣು ಅಂತಷ್ಟೇ ತಿಳಿದುಕೊಂಡಿತ್ತು. ನಾನು ಜೋಗತಿ ಆಗ್ತೀನಿ, ಓದು ಬಿಡ್ತೀನಿ, ಮನೆ ಬಿಡ್ತೀನಿ, ಪಡಲಿಗೆ ಹೊರ್ತೀನಿ ಅಂತ ಅರ್ಜಿ ಹಾಕಿರಲಿಲ್ಲ. ಹೆಣ್ಣಾಗಬೇಕು ಅಂದವಳಿಗೆ ಊರು ತೆರೆದಿಟ್ಟಿದ್ದ ಬಾಗಿಲು ಒಂದೇ, ಆ ಬಾಗಿಲಿನ ಆಚೆ ಇದ್ದದ್ದು ಭಿಕ್ಷೆ. ಬೇರೆ ದಾರಿ ಎಲ್ಲ ಮುಚ್ಚಿ, ಉಳಿದ ಒಂದರಲ್ಲಿ ತಳ್ಳಿ, "ನೋಡಿ ನಾವು ಎಷ್ಟು ಗೌರವ ಕೊಟ್ವಿ" ಅನ್ನೋದು ದೊಡ್ಡ ಮಾತಾಯಿತು. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯ ವಿರುದ್ಧ ಈ ರಾಜ್ಯ 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ಸ್ಥಾನದ ಕಥೆ ಹೇಳುವಾಗ ಅದನ್ನೂ ನೆನೆಸಿಕೊಳ್ಳಬೇಕು.

ಹಾಗಾದರೆ ಆಕೆ ತನ್ನ ಇಚ್ಛೆಯಿಂದ ಮಾಡಿದ್ದು ಏನೂ ಇಲ್ಲವೇ? ಇದೆ. ನನಗೆ ಅದು ಹುಲಿಗಿಯಲ್ಲಿ ಕಾಣೋದಿಲ್ಲ, ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಕಾಣ್ತದೆ. ಇದು ನನ್ನ ಓದು, ಮಂಜಮ್ಮನವರು ಒಪ್ಪದೇ ಇರಬಹುದು. ಬಸ್ ನಿಲ್ದಾಣದಲ್ಲಿ ಆ ಕುಣಿತವನ್ನು ಎಷ್ಟೋ ಜನ ನೋಡಿ ಚಿಲ್ಲರೆ ಹಾಕಿ ಬಸ್ ಹತ್ತಿದರು. ಸಾಯಬೇಕು ಅಂದುಕೊಂಡಿದ್ದ ಒಬ್ಬಳು ನಿಂತು, ಇದನ್ನು ನನಗೆ ಕಲಿಸಿ ಅಂದಳು. ದಿನಾ ಹೋಗಿ ಕಲಿತಳು. ಕೊಡ ಬೀಳದ ಹಾಗೆ ಕುತ್ತಿಗೆ ನಿಲ್ಲಿಸೋದು ಒಂದು ದಿನದಲ್ಲಿ ಬರೋ ವಿದ್ಯೆ ಅಲ್ಲ. ಸೂಟಿನವರು ಹೇಳುವ ಹಾಗೆ ಕಣ್ಣು ಮುಚ್ಚಿ ಕೂತರೆ ಒಳಗಡೆ ಚಿನ್ನದ ಗಟ್ಟಿಯ ಹಾಗೆ ಸಿಗುವ 'ನಿಜವಾದ ನಾನು' ಅಲ್ಲ ಅದು. ಬಸಪ್ಪ ಇಲ್ಲದೆ, ಕಾಳವ್ವ ಇಲ್ಲದೆ, ಮೇಳ ಇಲ್ಲದೆ ಆ ಮಂಜಮ್ಮ ಇಲ್ಲ. ಸ್ವತಂತ್ರ ಅಂದರೆ ಒಂಟಿ ಅಂತ ಯಾರು ಹೇಳಿದರೋ! ಒಬ್ಬರು ತಾವಾಗಬೇಕಾದರೆ ಬಾಗಿಲು ತೆರೆಯುವವರು ಇನ್ನೊಬ್ಬರು ಬೇಕು. ಒಂದು ಕೋಣೆ ಬಾಡಿಗೆ ಕೊಡುವವರೂ ಬೇಕು.

ದಾಸಿಮಯ್ಯನ ವಚನವನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಗಂಡು ಹೆಣ್ಣು ಅನ್ನೋದು ಮೈಯ ಗುರುತು, ಒಳಗೆ ಸುಳಿಯುವ ಆತ್ಮ ಎರಡೂ ಅಲ್ಲ ಅಂತ ಭಾವಾರ್ಥ ಬರೆದು ಅಂಕ ತಗೊಂಡಿದ್ದೀವಿ. ಮಂಜಮ್ಮನ ಪುಸ್ತಕದ ಹೆಸರೂ ಅಲ್ಲಿಂದಲೇ ಬಂದದ್ದು. ಸಾವಿರ ವರ್ಷದ ಹಿಂದಿನ ನೇಕಾರ ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೀತೀವಿ, ಮನೆ ಅಗ್ರಿಮೆಂಟಿನಲ್ಲಿ ಬರೆಯೋದಿಲ್ಲ.

ರಂಗದ ಮೇಲಾದರೆ ನಮಗೆ ತಕರಾರೇ ಇಲ್ಲ, ಅದೂ ವಿಚಿತ್ರ. ಬಳ್ಳಾರಿ ನಾಟಕದ ಊರು. ಸುತ್ತಲ ಹಳ್ಳಿಗಳ ದೊಡ್ಡಾಟದಲ್ಲಿ ಗಂಡಸರು ದ್ರೌಪದಿಯಾಗಿ ಬಂದು ಅತ್ತರೆ ಗಂಡಸರೇ ಕಣ್ಣೊರೆಸಿಕೊಳ್ತಾರೆ. ಸ್ತ್ರೀವೇಷದವನಿಗೆ ರಾತ್ರಿ ನೋಟಿನ ಹಾರ. ನಮ್ಮ ಬಳ್ಳಾರಿ ರಾಘವ ಹಗಲು ಕೋರ್ಟಿನಲ್ಲಿ ವಕೀಲ, ರಾತ್ರಿ ನಟ. ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬರಬೇಕು ಅಂತ ಆ ಕಾಲದಲ್ಲೇ ಹಟ ಹಿಡಿದವರು. ಇವೆರಡರಲ್ಲಿ ನಿಮ್ಮ ನಿಜವಾದ ಮುಖ ಯಾವುದು ಸ್ವಾಮಿ ಅಂತ ಅವರನ್ನು ಯಾರೂ ಪೀಡಿಸಿದಂತಿಲ್ಲ. ಎರಡೂ ಅವರದೇ. ಅವರ ಹೆಸರಿನ ಕಲಾಮಂದಿರದ ಮುಂದೆ ದಿನಾ ಓಡಾಡ್ತೀವಿ.

ಈಗ ಸರ್ಕಾರದ ಕಡೆ ಬರೋಣ. ಮಂಜಮ್ಮನಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 2010ರಲ್ಲಿ. ಮರುವರ್ಷ, 2011ರಲ್ಲಿ, ಅದೇ ರಾಜ್ಯ ತನ್ನ ಪೊಲೀಸ್ ಕಾಯ್ದೆಗೆ 36ಎ ಅನ್ನುವ ಕಲಂ ಸೇರಿಸಿತು. ಅದರಲ್ಲಿದ್ದದ್ದು ಏನು ಗೊತ್ತೇ? ಹುಡುಗರನ್ನು ಅಪಹರಿಸುತ್ತಾರೆ ಎಂಬ ಗುಮಾನಿ ಇರುವ 'ನಪುಂಸಕ'ರ ಹೆಸರು, ವಾಸದ ಜಾಗ ಬರೆದಿಡುವ ರಿಜಿಸ್ಟರು. 1871ರಲ್ಲಿ ಬ್ರಿಟಿಷರು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಪಡಿಯಚ್ಚು. ಆಮೇಲೆ ಕೋರ್ಟು ಕಟ್ಟೆ ಹತ್ತಿದ ಮೇಲೆ ಆ ಪದ ಬದಲಾಯಿತು. ಒಂದು ಕೈಯಲ್ಲಿ ಶಾಲು, ಇನ್ನೊಂದು ಕೈಯಲ್ಲಿ ರಿಜಿಸ್ಟರು. ನಮ್ಮಮ್ಮನ ಶುಕ್ರವಾರ ಮತ್ತು ಭಾನುವಾರಕ್ಕೂ ಇದಕ್ಕೂ ನನಗೇನೂ ಹೆಚ್ಚು ವ್ಯತ್ಯಾಸ ಕಾಣೋದಿಲ್ಲ.

2014ರ ಏಪ್ರಿಲ್ 15ಕ್ಕೆ ಸುಪ್ರೀಂ ಕೋರ್ಟು ನಾಲ್ಸಾ ತೀರ್ಪು ಕೊಟ್ಟಿತು. ಒಬ್ಬರು ಗಂಡೋ ಹೆಣ್ಣೋ ಮೂರನೆಯವರೋ ಅನ್ನೋದನ್ನು ತೀರ್ಮಾನಿಸುವ ಹಕ್ಕು ಅವರದೇ, ಅದಕ್ಕೆ ಆಪರೇಷನ್ ಆಗಿರಬೇಕು ಅಂತ ಹಟ ಹಿಡಿಯೋದು ಕಾನೂನಿಗೆ ವಿರುದ್ಧ ಅಂದಿತು. 2019ರ ಕಾಯ್ದೆ ಬಂತು, 2020ರ ಜನವರಿಯಲ್ಲಿ ಜಾರಿಯಾಯಿತು. ಅದು ಆಗ ಏನು ಹೇಳಿತು? ನಿನ್ನ ಗುರುತು ನಿನ್ನದೇ, ಆದರೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ ಪ್ರಮಾಣಪತ್ರ ತಗೋ. ತೃತೀಯ ಲಿಂಗಿ ಬೇಡ, ಹೆಣ್ಣು ಅಂತಲೇ ಬೇಕಾ? ಹಾಗಿದ್ರೆ ಆಪರೇಷನ್ ಆಗಿದೆ ಅಂತ ಆಸ್ಪತ್ರೆಯವರ ಪತ್ರ ತಾ. ಕೋರ್ಟು ಬೇಡ ಅಂದದ್ದನ್ನೇ ಕಾಯ್ದೆ ಹಿಂಬಾಗಿಲಿನಿಂದ ಒಳಗೆ ತಂದಿತು. 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಶೇಕಡಾ 1ರ ಮೀಸಲು ಕೊಟ್ಟದ್ದು ಕರ್ನಾಟಕದ ಒಳ್ಳೆಯ ಕೆಲಸ, ಅದನ್ನು ಇಲ್ಲ ಅನ್ನಲ್ಲ. ಆದರೆ ನೌಕರಿ ಸಿಕ್ಕು ಊರಿಗೆ ಬಂದವರು ಎಲ್ಲಿ ಮಲಗಬೇಕು?

ಅದೇ 2014ರಲ್ಲಿ ಇನ್ನೊಂದು ಹೆಸರು ಬದಲಾಯಿತು. ನವೆಂಬರ್ 1ಕ್ಕೆ ಬೆಲ್ಲಾರಿ ಅಧಿಕೃತವಾಗಿ ಬಳ್ಳಾರಿ ಆಯಿತು. ನಾವು ಮೊದಲಿಂದಲೂ ಬಳ್ಳಾರಿ ಅಂತಲೇ ಅಂತಿದ್ವಿ, ಇಂಗ್ಲಿಷಿನ ಕಾಗದದಲ್ಲಿ ಮಾತ್ರ ಬೇರೆ ಹೆಸರು. ಯಾವ ಕಲೆಕ್ಟರೂ ಊರಿಗೆ "ನಿನ್ನ ಆಪರೇಷನ್ ಆಗಿದೆಯಾ" ಅಂತ ಕೇಳಲಿಲ್ಲ. ರೈಲ್ವೆ ಕೋಡು ಇವತ್ತಿಗೂ ಬಿಎವೈ, ಅದಕ್ಕಾಗಿ ರೈಲು ನಮ್ಮೂರಲ್ಲಿ ನಿಲ್ಲದೆ ಹೋಗೋದಿಲ್ಲ. ಇನ್ನು ಬ್ರೂಸ್‌ಪೇಟೆ: ಕುಂಪಣಿ ಕಾಲದ ಯಾವನೋ ಸಾಹೇಬನ ಹೆಸರು ಹೊತ್ತು ತಲೆಮಾರುಗಳಿಂದ ನೆಮ್ಮದಿಯಾಗಿದೆ. ಊರಿಗೆ ತನ್ನ ಹೆಸರು ತಾನು ಇಟ್ಟುಕೊಳ್ಳುವ ಅಧಿಕಾರ ಇದೆ. ಪೇಟೆಗೆ ಇನ್ನೊಬ್ಬರ ಹೆಸರಿನಲ್ಲೇ ಇರುವ ಸಲೀಸು ಇದೆ. ಜೀನ್ಸಿಗೆ ಹೊಲಿಗೆ ಹಾಕುವ ಒಬ್ಬಳಿಗೆ ಮಾತ್ರ ಆಧಾರ್ ಕಾರ್ಡು ತೋರಿಸು.

"ನಿಮ್ಮದು ಬರೀ ಮನೆ ಬಾಡಿಗೆಯ ವಿಷಯ, ಅದನ್ನು ಎಲ್ಲೆಲ್ಲಿಗೋ ಎಳೀತೀರಿ" ಅಂತ ನನ್ನ ಸಹೋದ್ಯೋಗಿಯೊಬ್ಬರು ಈ ಬರಹದ ಮೊದಲ ಕರಡು ಓದಿ ಅಂದರು. "ನಿಮ್ಮನೆ, ನಿಮ್ಮಿಷ್ಟ. ಯಾರಿಗೆ ಕೊಡಬೇಕು ಅನ್ನೋದು ನಿಮ್ಮ ಸ್ವಾತಂತ್ರ್ಯ ಅಲ್ವಾ?" ಹೌದು ಮೇಡಂ, ನನ್ನಿಷ್ಟ. ಆವತ್ತು ನನ್ನಿಷ್ಟ ಏನಿತ್ತು ಗೊತ್ತಾ? ಕೊಡಬೇಕು ಅಂತ. ಆಕೆ ಮೆಟ್ಟಿಲ ಮೇಲೆ ಮಾತಾಡಿದ ಧಾಟಿ ನನಗೆ ತುಂಬ ಹಿಡಿಸಿತ್ತು, ಇಂಥವರು ಮೇಲೆ ಇದ್ದರೆ ಅಮ್ಮನಿಗೂ ಜೊತೆ ಆಗ್ತದೆ ಅನ್ನಿಸಿತ್ತು. ನನ್ನಿಷ್ಟದ ಪ್ರಕಾರ ನಡೆಯದೇ ಇದ್ದವಳು ನಾನು. ಅದಕ್ಕೇ ಇದನ್ನು ಬರೀತಾ ಇರೋದು. ನನ್ನ ಮನೆ, ನನ್ನ ಬೀಗ, ನನ್ನ ಹೆಸರಿನ ಕರೆಂಟ್ ಬಿಲ್ಲು, ಆದರೂ ಒಂದು ಹೌದು ಅನ್ನೋಕೆ ಆಗಲಿಲ್ಲ. ಓಣಿಯ ಮಂದಿ ಏನಂತಾರೆ ಅಂತ ಯಾರನ್ನೂ ಹೋಗಿ ಕೇಳಲಿಲ್ಲ. ಅವರು ಏನೂ ಅನ್ನದೆ ಇರಬಹುದಿತ್ತು. ಅಂದಿದ್ದರೂ ನಾಲ್ಕು ದಿನ ಅಂದು, ಐದನೇ ದಿನ ನಲ್ಲಿ ನೀರಿನ ಜಗಳಕ್ಕೆ ವಾಪಸ್ ಹೋಗ್ತಿದ್ರು. ಆಕೆಗೆ ಊರು ಎಷ್ಟು ಬಾಗಿಲು ಹಾಕಿತೋ. ನನಗೆ ಒಂದು ಬಾಗಿಲನ್ನೂ ಯಾರೂ ಹಾಕಿರಲಿಲ್ಲ. ನಾನೇ ಚಿಲಕ ಹಾಕಿಕೊಂಡು ಒಳಗೆ ಕೂತಿದ್ದೆ.

ಮಂಜಮ್ಮನ ಸುದ್ದಿ ಮುಗಿದ ಮೇಲೆ ಅಮ್ಮನಿಗೆ ಆ ಭಾನುವಾರ ನೆನಪಿಸಿದೆ. ಅಮ್ಮ ತಟ್ಟೆಯಲ್ಲಿ ಕೈ ತೊಳೆದು ಸುಮ್ಮನೆ ಕೂತಳು. ಆಮೇಲೆ, "ಆಕೀಗೆ ಬ್ಯಾರೆ ಕಡೆ ಮನಿ ಸಿಕ್ಕಿರ್ತೈತಿ ಬಿಡು" ಅಂದಳು. ಸಿಕ್ಕಿತೋ ಇಲ್ಲವೋ ಗೊತ್ತಿಲ್ಲಮ್ಮ, ನಾವು ಫೋನ್ ನಂಬರೂ ಇಸ್ಕೊಳ್ಳಲಿಲ್ಲ ಅಂದೆ. "ಈಗ ಬಂದ್ರ ಏನ್ ಮಾಡ್ತಿದ್ದಿ?" ಅಂತ ನನ್ನನ್ನೇ ಕೇಳಿದಳು. ನೀನೇನ್ ಮಾಡ್ತಿದ್ದಿ ಅಂದೆ. ಇಬ್ಬರೂ ಉತ್ತರ ಕೊಡಲಿಲ್ಲ. ಟಿವಿಯಲ್ಲಿ ಅಡಿಗೆ ಎಣ್ಣೆಯ ಜಾಹೀರಾತು ಬರ್ತಿತ್ತು.

ಮೇಲಿನ ರೂಮಿನ ಹುಡುಗರು ಡಿಸೆಂಬರ್ ಕೊನೆಗೆ ಖಾಲಿ ಮಾಡ್ತಾರಂತೆ. ಬೋರ್ಡು ಅಟ್ಟದ ಮೇಲಿತ್ತು, ನಿನ್ನೆ ಇಳಿಸಿ ಒರೆಸಿಟ್ಟಿದ್ದೀನಿ. ಅಕ್ಷರ ಮಾಸಿವೆ, ಪೇಂಟು ತರಬೇಕು. ಬೆಂಗಳೂರು ರಸ್ತೆಯಲ್ಲಿ ಸಂಜೆ ಯೂನಿಟ್ಟು ಬಿಡೋ ಹೊತ್ತಿಗೆ ಎರಡು ಸಲ ನಿಂತು ನೋಡಿದೆ. ಆಕೆ ಕಾಣಲಿಲ್ಲ. ಕಂಡರೂ ಗುರುತು ಹತ್ತುತ್ತಿತ್ತೋ ಏನೋ, ಆವತ್ತು ಸುಳ್ಳು ಹೇಳುವಾಗ ನಾನು ಆಕೆಯ ಮುಖ ಸರಿಯಾಗಿ ನೋಡಿರಲಿಲ್ಲ.